ನಾಲ್ಕನೇ ದಿನ

ಕುಮಾಸಿಯಲ್ಲಿ ಹುಟ್ಟಿದ ವಾರವೇ ಮೊದಲ ಹೆಸರು.
ಗುರುವಾರದವಳು ನಾನು, ಯಾ.
ಬಿರಾಗೊ ಆಮೇಲೆ ಅಂಟಿದ್ದು, ಅಜ್ಜಿಯ ಕಡೆಯಿಂದ.

ತಾಲಿನ್ನಿನ ಆಫೀಸಿನಲ್ಲಿ ಗುರುತಿನ ಚೀಟಿ ಮಾಡುವ ತರ್ಮೊ
ಬೆರಳು ಕೀಲಿಮಣೆಯ ಮೇಲಿಟ್ಟು ಕಾದ.
"ಯಾ ಅಂದರೆ ನಮ್ಮಲ್ಲಿ 'ಮತ್ತು'.
ಮತ್ತು ಬಿರಾಗೊ, ಸರಿ. ಅದಕ್ಕೆ ಮೊದಲಿನದೇನು?"
ಅದಕ್ಕೆ ಮೊದಲಿನದು
ಆರು ಸಾವಿರ ಕಿಲೋಮೀಟರು ಹಿಂದೆ ಉಳಿಯಿತು, ತರ್ಮೊ.
ಹೇಳಲಿಲ್ಲ. ಗುರುವಾರ, ಅಂದೆ.
"ಓ, ನೆಲ್ಯಪ್ಯಾವ್."
ನಾಲ್ಕನೇ ದಿನ.

ಇಲ್ಲಿ ವಾರಗಳಿಗೆ ಗ್ರಹವಿಲ್ಲ, ದೇವರಿಲ್ಲ,
ಬರೀ ಎಣಿಕೆ. ಅದನ್ನೂ ಶುಕ್ರವಾರದ ಹೊತ್ತಿಗೆ
ಬೇಸರವಾಗಿ ಕೈಬಿಟ್ಟಿದ್ದಾರೆ.
ಸೊನ್ನೆಯಿಂದ ಎಣಿಸಿ ಅನ್ನ ಗಳಿಸುವ ನಾನು
ಮೂರನೇ ದಿನದ ಮೀಟಿಂಗಿಗೆ ಗುರುವಾರ ಹೋಗಿ ಕೂತೆ,
ಖಾಲಿ ಕುರ್ಚಿಗಳ ಜೊತೆ.

ಊರಲ್ಲಿ ನಮಸ್ಕಾರ ಹೇಳದೆ ಹಾದುಹೋದರೆ
ಮೂರು ತಲೆಮಾರು ನೆನಪಿಡುತ್ತಾರೆ.
ಇಲ್ಲಿ ಟ್ರಾಮು ಹತ್ತಿ ಎಲ್ಲರಿಗೂ ಸೇರಿಸಿ 'ತೇರೆ' ಅಂದೆ.
ಇಡೀ ಡಬ್ಬಿ ಕಿಟಕಿಯಾಚೆ ನೋಡಿತು.
ಅಲ್ಲಿ ಮಧ್ಯಾಹ್ನ ಮೂರೂವರೆಯ ಕತ್ತಲು ಬಿಟ್ಟರೆ
ಏನೂ ಇರಲಿಲ್ಲ.

ಕೊಪ್ಲಿಯಲ್ಲೊಂದು ಹಳೇ ಮರದ ಮನೆ. ಬಾಡಿಗೆ ಕಡಿಮೆ.
ಯಾಕೆ ಕಡಿಮೆ ಎಂದು ಅಕ್ಟೋಬರಿನಲ್ಲಿ ತಿಳಿಯಿತು:
ಗೋಡೆಗಂಟಿ ಆಳೆತ್ತರದ ಒಲೆ, ಬಿಳಿ ಹೆಂಚಿನದು,
ಸೌದೆ ತಿನ್ನುವಂಥದು.
ಹಗಲೆಲ್ಲ ಸರ್ವರುಗಳ ಮೈ ತಣ್ಣಗಿಡುವವಳಿಗೆ
ರಾತ್ರಿ ತನ್ನ ಮೈ ಬೆಚ್ಚಗಿಡಲು ಬರಲಿಲ್ಲ.
ಹೊರೆ ಹೊತ್ತ ಫೋಟೋ ಕಳಿಸಿದರೆ
ಕೆಜೆಟಿಯಾ ಮಾರ್ಕೆಟ್ಟಿನ ಗದ್ದಲದ ನಡುವಿನಿಂದ ಅಮ್ಮ ಕೂಗಿದಳು:
"ಸೌದೆ ಹೊರಬಾರದು ಅಂತ ತಾನೇ ನಿನ್ನ ಓದಿಸಿದ್ದು!"
ಅಕ್ಕಪಕ್ಕದ ಅಂಗಡಿಗಳೂ ನಕ್ಕವು.

ಒಂದು ರಾತ್ರಿ ಎರಡು ಗಂಟೆಗೆ
ಎಲ್ಲೋ ಒಂದು ಡೇಟಾಬೇಸು ಬಿದ್ದು ಫೋನು ಎಬ್ಬಿಸಿತು.
ಅದನ್ನೆತ್ತಿ ನಿಲ್ಲಿಸಿ, ಒಲೆ ನೋಡಿದರೆ ಬರೀ ಕೆಂಡ.
ಶಾಖ ಸೋರದಿರಲಿ ಎಂದು
ಹೊಗೆಗೂಡಿನ ತಗಡು ಎಳೆದು ಮುಚ್ಚಿದೆ.
ಕಿರ್ರೆಂದಿತು.
ಮರದ ಗೋಡೆಯಾಚೆ ಒಂದು ಕಿವಿ ಎಚ್ಚರವಿತ್ತು.

ಬಾಗಿಲಲ್ಲಿ ಹೆಲ್ವೆ,
ಹತ್ತಿಗಿರಣಿಯಲ್ಲಿ ಮೂವತ್ತು ವರ್ಷ ನೂತವಳು,
ಮೂರು ತಿಂಗಳು ನನ್ನ ಬೂಟುಗಳನ್ನಷ್ಟೇ ನೋಡಿದವಳು,
ನೈಟಿಯ ಮೇಲೆ ಗಂಡಸರ ಕೋಟು.
ನನ್ನನ್ನು ಸರಿಸಿ ಒಳಬಂದು ತಗಡು ತೆರೆದಳು, ಕಿಟಕಿಯನ್ನೂ.
ಒಲೆಬಾಯಿಗೆ ನನ್ನ ಕತ್ತು ಬಗ್ಗಿಸಿ ತೋರಿದಳು:
ಕೆಂಡದ ಮೇಲೆ ನೀಲಿ ನಾಲಿಗೆಗಳು, ಸಣ್ಣಗೆ, ಚೆಂದಕ್ಕೆ.
"ವೇಲ್," ಅಂದಳು. ಬೆರಳಾಡಿಸಿ, "ವೇಲ್, ವೇಲ್."
ಫೋನಿನಲ್ಲಿ ಹುಡುಕಿದೆ. ಇನ್ನೂ.
ಇನ್ನೂ ಇದೆ, ಮುಚ್ಚಬೇಡ.
ಮುಚ್ಚಿದರೆ? ಕಣ್ಣು ಮುಚ್ಚಿ, ತಲೆ ವಾಲಿಸಿ,
ನಾಲಿಗೆ ಚಾಚಿ ಸತ್ತು ತೋರಿಸಿದಳು.

ಅದು ನಮ್ಮ ಮೊದಲ ಮಾತುಕತೆ.

ನೀಲಿ ಆರುವತನಕ ಇಬ್ಬರೂ ನೆಲದ ಮೇಲೆ ಕೂತೆವು.
ತನ್ನ ಮನೆಯಿಂದ ಬಟಾಣಿ ಸೂಪು ತಂದು
ಕೆಂಡದೆದುರು ಬಿಸಿಯಾಗಲು ಇಟ್ಟಳು.
ನನ್ನ ಬಟ್ಟಲು ಅರ್ಧವಾಗುವ ಮೊದಲೇ ಸೌಟೆತ್ತಿ
"ವೇಲ್?"
ಅದೇ ಪದ. ಇನ್ನೂ ಬೇಕೆ.

ವೀಸಾ ನವೀಕರಣದ ಅರ್ಜಿ ಹತ್ತು ದಿನದಿಂದ ತೆರೆದೇ ಇದೆ.
'ಎಷ್ಟು ಕಾಲ ಇರುವಿರಿ' ಎಂಬಲ್ಲಿ ಕರ್ಸರು ಮಿಟುಕುತ್ತಿದೆ.
ಸಂಜೆ ಕ್ಲಾಸಿನ ಮೇಷ್ಟ್ರು ಹೇಳುತ್ತಾರೆ
ಇವರ ಭಾಷೆಗೆ ಭವಿಷ್ಯತ್ಕಾಲವೇ ಇಲ್ಲವಂತೆ.
ವಿಭಕ್ತಿ ಮಾತ್ರ ಹದಿನಾಲ್ಕು:
ಮನೆಯೊಳಗೆ, ಮನೆಯೊಳಗಿಂದ, ಮನೆಯವರೆಗೆ, ಮನೆಯಿಲ್ಲದೆ,
ಎಲ್ಲಕ್ಕೂ ಒಂದೊಂದು ಬಾಲವಿದೆ.
ನಾಳೆಗೆ ಇಲ್ಲ.
ಹಾಗಿದ್ದರೆ ಈ ಅರ್ಜಿ ಕೇಳುತ್ತಿರುವುದು ಯಾವ ಭಾಷೆಯಲ್ಲಿ?

ಬೂದಿ ಬಕೆಟ್ಟು ಹಿಡಿದು ಮೆಟ್ಟಿಲಿಳಿಯುವಾಗ
ಮೇಲಿನಿಂದ ಹೆಲ್ವೆ ಕರೆಯುತ್ತಾಳೆ:
"ನೆಲ್ಯಪ್ಯಾವ್!"
ಇವತ್ತು ಮಂಗಳವಾರ.
ಓಗೊಡುತ್ತೇನೆ.